ಹಳೆಯ ಅನ್‌ಲಿಮಿಟೆಡ್ ಡೇಟಾ ಪ್ಲ್ಯಾನ್ ಉಳಿಸಿಕೊಂಡು ಹೊಸ ಫೋನ್ ತೆಗೆದುಕೊಳ್ಳುವುದು ಹೇಗೆ?

ಅಮೆರಿಕದಲ್ಲಿರುವ ನೀವು, ಹೊಸ ಗ್ರಾಹಕರಿಗೆ ಎಂದೋ ನಿಂತುಹೋದ ಅನ್‌ಲಿಮಿಟೆಡ್ ಡೇಟಾ ಪ್ಲ್ಯಾನೊಂದನ್ನು ಇನ್ನೂ ಉಳಿಸಿಕೊಂಡಿದ್ದೀರಿ. ಹಳೆಯ ಫೋನ್ ಕೊಟ್ಟರೆ ಹೊಸದು ಬಿಟ್ಟಿ ಎಂದು ನಿಮ್ಮ ಮೊಬೈಲ್ ಕಂಪನಿಯ ಅಂಗಡಿಯವರು ಹೇಳುತ್ತಿದ್ದಾರೆ. ಪ್ಲ್ಯಾನ್ ಹೋಗದಂತೆ ಆ ಫೋನ್ ಪಡೆಯುವುದು ಹೇಗೆ ಎಂದು ಕೇಳಿದ್ದೀರಿ. 2012ರ ಕೊನೆಯಲ್ಲಿ ನನ್ನ ಮುಂದೆ ಇದ್ದದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ನಾನು ಫೋನಿಗೆ ಪೂರ್ತಿ ಬೆಲೆ ತೆತ್ತೆ, ಪ್ಲ್ಯಾನನ್ನೂ ಕಳೆದುಕೊಂಡೆ. ಎರಡೂ ಒಟ್ಟಿಗೆ ಹೇಗೆ ಸಂಭವಿಸಿದವು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಆ ಅಂಗಡಿಯೊಳಗೆ ಕಾಲಿಟ್ಟರೆ ನಿಮಗೂ ಹಾಗೆಯೇ ಆಗುವ ಸಂಭವ ಹೆಚ್ಚು.

ಆಗ ನಾವು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿದ್ದೆವು. ದೊಡ್ಡ ವಿಮಾ ಕಂಪನಿಯೊಂದರ ಕೇಂದ್ರ ಕಚೇರಿ ಇರುವ ಊರಾದ್ದರಿಂದ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಬಂದ ಭಾರತೀಯರು ಅಲ್ಲಿ ಬಹಳ ಮಂದಿ. ನನ್ನ ಕಾಂಟ್ರ್ಯಾಕ್ಟ್ ಯಾವಾಗ ಮುಗಿಯುವುದೋ, ಮುಂದೆ ಯಾವ ಊರಿಗೆ ಹೋಗಬೇಕೋ ತಿಳಿಯದ ಸ್ಥಿತಿಯಲ್ಲಿ ಮನೆಗೆ ಕೇಬಲ್ ಇಂಟರ್ನೆಟ್ ಹಾಕಿಸಿಕೊಳ್ಳುವುದನ್ನು ಮುಂದೂಡುತ್ತಲೇ ಬಂದಿದ್ದ ನಮಗೆ, ಫೋನಿನ ಡೇಟಾವೇ ಮನೆಯ ಇಂಟರ್ನೆಟ್ ಆಗಿತ್ತು. ಹಾಸನದಲ್ಲಿದ್ದ ಅಮ್ಮ ಮೊಮ್ಮಗಳನ್ನು ನೋಡುತ್ತಿದ್ದದ್ದು ಸ್ಕೈಪ್‌ನಲ್ಲಿ, ಅದೂ ಆ ಫೋನಿನ ಮೂಲಕವೇ. ತಿಂಗಳಿಗೆ 30 ಡಾಲರ್ ಕೊಟ್ಟರೆ ಎಷ್ಟು ಬಳಸಿದೆವೆಂದು ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. 2016ರಲ್ಲಿ ಜಿಯೋ ಬಂದ ಮೇಲಿನ ದರಗಳನ್ನು ಕಂಡು ಇಲ್ಲಿಗೆ ಬಂದವರಿಗೆ ಇದು ವಿಶೇಷವೆನಿಸದು, ಆದರೆ ಆಗ ಪ್ರತಿ ಜಿಬಿಗೂ ಬೆಲೆಯಿತ್ತು. ಇಲ್ಲಿನ ದೊಡ್ಡ ಮೊಬೈಲ್ ಕಂಪನಿಗಳಲ್ಲಿ ಎಟಿ ಅಂಡ್ ಟಿ 2010ರ ಜೂನ್‌ನಲ್ಲಿ, ವೆರೈಜನ್ 2011ರ ಜುಲೈನಲ್ಲಿ ಹೊಸಬರಿಗೆ ಅನ್‌ಲಿಮಿಟೆಡ್ ಡೇಟಾ ಕೊಡುವುದನ್ನು ನಿಲ್ಲಿಸಿದ್ದವು. ಹಳಬರಿಗೆ ಮಾತ್ರ ಅದು ಉಳಿದಿತ್ತು. 2012ರ ಜೂನ್ 28ರಿಂದ ವೆರೈಜನ್ ಇನ್ನೊಂದು ನಿಯಮ ತಂದಿತು: ರಿಯಾಯಿತಿ ಬೆಲೆಯಲ್ಲಿ ಹೊಸ ಫೋನ್ ತೆಗೆದುಕೊಂಡವರ ಅನ್‌ಲಿಮಿಟೆಡ್ ಹೋಗುತ್ತದೆ, ಪೂರ್ತಿ ಬೆಲೆ ಕೊಟ್ಟು ಕೊಂಡವರದು ಉಳಿಯುತ್ತದೆ. ಆ ಸುದ್ದಿ ಬಂದ ಮೇಲೆ ಯಾವ ಕಂಪನಿಯ ಗ್ರಾಹಕರಾಗಿದ್ದರೂ ಹಳೆಯ ಪ್ಲ್ಯಾನ್ ಇದ್ದವರೆಲ್ಲ ಫೋನ್ ಬದಲಿಸಲು ಅಂಜುತ್ತಿದ್ದರು.

ಆ ವರ್ಷ ಬಂದ ಐಫೋನ್ 5ರ 16 ಜಿಬಿ ಮಾದರಿಗೆ ಎರಡು ವರ್ಷದ ಒಪ್ಪಂದ ಮಾಡಿಕೊಂಡರೆ 199 ಡಾಲರ್, ಒಪ್ಪಂದವಿಲ್ಲದೆ 649 ಡಾಲರ್. ವ್ಯತ್ಯಾಸ 450 ಡಾಲರ್. 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 18.75 ಡಾಲರ್. ಒಪ್ಪಂದದಲ್ಲಿ ಸಿಕ್ಕಿಕೊಳ್ಳುವುದೂ ಬೇಡ, ಪ್ಲ್ಯಾನ್ ಕಳೆದುಕೊಳ್ಳುವುದೂ ಬೇಡ ಎಂದು ನಾನೂ ನನ್ನ ಹೆಂಡತಿಯೂ ಕೂತು ಲೆಕ್ಕ ಹಾಕಿ ಪೂರ್ತಿ ಬೆಲೆಯನ್ನೇ ಕೊಟ್ಟೆವು. ಅಲ್ಲಿಯವರೆಗೆ ನಾವು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

ತೊಂದರೆ ಬಂದದ್ದು ಸಿಮ್‌ನಿಂದ. ನನ್ನ ಹಳೆಯ ಫೋನಿನಲ್ಲಿದ್ದದ್ದು ಮೈಕ್ರೋ ಸಿಮ್. ಐಫೋನ್ 5 ಅದಕ್ಕಿಂತ ಚಿಕ್ಕದಾದ ನ್ಯಾನೋ ಸಿಮ್ ಬೇಡುತ್ತಿತ್ತು. ಹಾಗಾಗಿ ಹಳೆಯ ಸಿಮ್ ತೆಗೆದು ಹೊಸದರೊಳಗೆ ಹಾಕಿ ಮುಗಿಸುವಂತಿರಲಿಲ್ಲ, ಹೊಸ ಸಿಮ್ಮನ್ನು ನನ್ನ ನಂಬರಿಗೆ ಜೋಡಿಸಬೇಕಿತ್ತು. ಸಿಮ್ ಮೇಲೆ ಅಚ್ಚಾಗಿರುವ ಉದ್ದನೆಯ ಸಂಖ್ಯೆಯನ್ನು ನನ್ನ ಮೊಬೈಲ್ ಕಂಪನಿಯ ವೆಬ್‌ಸೈಟ್‌ನಲ್ಲಿ ನಾನೇ ನಮೂದಿಸಬಹುದಿತ್ತು, ಅಥವಾ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಓದಿ ಹೇಳಬಹುದಿತ್ತು. ಬದಲಾಗಿ ನಾನು ಡಿಸೆಂಬರ್‌ನ ಹಬ್ಬದ ಗದ್ದಲದಲ್ಲಿ, ಹೆಂಡತಿಯನ್ನೂ ಮಗುವನ್ನೂ ಹೊರಗೆ ಕಾರಿನಲ್ಲಿ ಕೂರಿಸಿ, ಆ ಕಂಪನಿಯ ಫೋನ್ ಮಾರುವ ಅಂಗಡಿಗೆ ಹೊಸ ಫೋನಿನ ಪೆಟ್ಟಿಗೆಯ ಸಮೇತ ಹೋದೆ.

ಅಲ್ಲಿನ ಹುಡುಗ ಒಳ್ಳೆಯವನೇ, ಮೋಸ ಮಾಡುವ ಉದ್ದೇಶ ಅವನಿಗಿತ್ತೆಂದು ನಾನು ಇಂದಿಗೂ ನಂಬುವುದಿಲ್ಲ. ಅವನು ಪೆಟ್ಟಿಗೆ ತೆಗೆದುಕೊಂಡು ಅದರ ಮೇಲಿದ್ದ ಐಎಂಇಐ, ಎಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು ಸ್ಕ್ಯಾನ್ ಮಾಡಿದ. ನಾನು ತಪ್ಪಿದ್ದು ಇಲ್ಲಿ. ಸಿಮ್ ಬದಲಿಸುವುದು ಕಂಪನಿಯ ಲೆಕ್ಕದಲ್ಲಿ ಒಂದು ಸಣ್ಣ ಕೆಲಸ. ಹಳೆಯ ಸಿಮ್ ಸಂಖ್ಯೆಯ ಜಾಗದಲ್ಲಿ ಹೊಸದು ಬರುತ್ತದೆ, ಪ್ಲ್ಯಾನಿನ ಪುಟ ತೆರೆಯುವುದೇ ಇಲ್ಲ. ಆದರೆ ಹೊಸ ಫೋನನ್ನು ಖಾತೆಗೆ ಸೇರಿಸುವುದು ಬೇರೆಯೇ ವ್ಯವಹಾರ. ಅದನ್ನು ಆರಂಭಿಸಿದರೆ ಪರದೆ ಒಂದರ ನಂತರ ಒಂದಾಗಿ ಪುಟಗಳನ್ನು ತೋರಿಸುತ್ತದೆ, ನಡುವೆ ಈ ಫೋನಿಗೆ ಯಾವ ಪ್ಲ್ಯಾನ್ ಎಂದು ಕೇಳುತ್ತದೆ, ಮತ್ತು ಆ ಪಟ್ಟಿಯಲ್ಲಿರುವುದು ಅಂದು ಮಾರಾಟದಲ್ಲಿರುವ ಪ್ಲ್ಯಾನ್‌ಗಳು ಮಾತ್ರ. ನನ್ನ ಪ್ಲ್ಯಾನ್ ಮಾರಾಟದಿಂದ ಹೋಗಿ ಎಷ್ಟೋ ಕಾಲವಾಗಿದ್ದರಿಂದ ಅದು ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಹುಡುಗ ಅದೇ 30 ಡಾಲರ್‌ನ, ಕೆಲವೇ ಜಿಬಿ ಮಿತಿಯಿರುವ ಒಂದು ಪ್ಲ್ಯಾನನ್ನು ಆರಿಸಿ ಮುಂದಕ್ಕೆ ಹೋಗಿದ್ದಾನೆ. ನನ್ನ ಪ್ಲ್ಯಾನ್ ಬದಲಾಗುವುದಿಲ್ಲ ತಾನೇ ಎಂದು ನಾನು ಕೇಳಿದೆ. ಇಲ್ಲ, ಅದೇ 30 ಡಾಲರ್ ಎಂದು ಅವನು ಹೇಳಿದ. ಕೇಳಿದ್ದು ಪ್ಲ್ಯಾನಿನ ಬಗ್ಗೆ, ಬಂದ ಉತ್ತರ ಬೆಲೆಯ ಬಗ್ಗೆ. ಅದನ್ನು ನಾನು ಗಮನಿಸಲಿಲ್ಲ. ಆಮೇಲೆ ಅಂಗೈಯಗಲದ ಸಹಿಯ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ. ಅದರಲ್ಲಿ ಕಾಣುತ್ತಿದ್ದದ್ದು ಷರತ್ತುಗಳ ಕೊನೆಯ ಎರಡು ಮೂರು ಸಾಲು ಮತ್ತು ಸಹಿಯ ಗೆರೆ. ಮೇಲಕ್ಕೆ ಸರಿಸಿ ಓದಿದ್ದರೆ ಹೊಸ ಪ್ಲ್ಯಾನಿನ ಹೆಸರು ಅಲ್ಲಿಯೇ ಇರುತ್ತಿತ್ತು. ನಾನು ಓದದೆ ಸಹಿ ಹಾಕಿದೆ.

ಮೊದಲ ಬಿಲ್ ಬಂದಾಗ ಮೊತ್ತ ನೋಡಿದೆ, ಎಂದಿನಷ್ಟೇ ಇತ್ತು, ಸುಮ್ಮನಾದೆ. ಡೇಟಾ ಸಾಲಿನಲ್ಲಿದ್ದ ಹೆಸರು ಬದಲಾದದ್ದು ಕಣ್ಣಿಗೆ ಬೀಳಲಿಲ್ಲ. ಎರಡನೆಯ ಬಿಲ್ಲಿನಲ್ಲಿ ಮಿತಿ ಮೀರಿದ ಪ್ರತಿ ಜಿಬಿಗೆ 10 ಡಾಲರ್‌ನಂತೆ ಹಣ ಸೇರಿಕೊಂಡು ಬಂದಾಗಲೇ ವಿಷಯ ತಿಳಿದದ್ದು. ಕಸ್ಟಮರ್ ಕೇರ್‌ಗೆ ಕರೆ ಮಾಡಿದಾಗಲೆಲ್ಲ ಬೇರೆ ಬೇರೆಯವರು ಮಾತಾಡಿದರು, ಎಲ್ಲರೂ ಖಾತೆಯಲ್ಲಿ ಟಿಪ್ಪಣಿ ಬರೆದಿದ್ದೇವೆ ಎಂದರು. ಕೊನೆಗೆ ಮೇಲಿನ ಅಧಿಕಾರಿಯೊಬ್ಬರು ನನ್ನ ಸಹಿಯಿರುವ ದಾಖಲೆಯನ್ನು ತೆರೆದು, ಬದಲಾವಣೆಗೆ ನಾನೇ ಒಪ್ಪಿದ್ದೇನೆಂದೂ, ಬದಲಾದ ಒಂದೆರಡು ದಿನಗಳಲ್ಲಿ ಕೇಳಿದ್ದರೆ ಹಿಂದಿರುಗಿಸಬಹುದಿತ್ತೆಂದೂ, ಈಗ ಆ ಹಳೆಯ ಪ್ಲ್ಯಾನನ್ನು ಮತ್ತೆ ಸೇರಿಸುವ ಅವಕಾಶವೇ ತಮ್ಮ ವ್ಯವಸ್ಥೆಯಲ್ಲಿ ಇಲ್ಲವೆಂದೂ ಹೇಳಿದರು. ಮಿತಿ ಮೀರಿದ ಹಣವನ್ನು ಮಾತ್ರ ಹಿಂದಿರುಗಿಸಿದರು. ಅಮ್ಮನ ಜೊತೆಗಿನ ಸ್ಕೈಪ್ ವಾರಕ್ಕೊಮ್ಮೆಗೆ ಇಳಿಯಿತು, ಅದೂ ವೈ-ಫೈ ಇರುವ ಗ್ರಂಥಾಲಯದ ಹೊರಗೆ ಕಾರಿನಲ್ಲಿ ಕೂತು. ಕೆಲವು ತಿಂಗಳಲ್ಲೇ ಮನೆಗೆ ಕೇಬಲ್ ಹಾಕಿಸಿದೆವು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಬಿಟ್ಟಿ ಫೋನ್ ಮತ್ತು ಹಳೆಯ ಪ್ಲ್ಯಾನ್ ಎರಡನ್ನೂ ಒಟ್ಟಿಗೆ ಪಡೆಯುವ ದಾರಿಯನ್ನು ನೀವು ಕೇಳುತ್ತಿದ್ದೀರಿ. ಅಂಥ ದಾರಿಯನ್ನು ಹುಡುಕಲೇಬೇಡಿ ಎಂಬುದು ನನ್ನ ಉತ್ತರ. ಆ ಫೋನ್ ಬಿಟ್ಟಿಯಲ್ಲ. ಅದರ ಬೆಲೆಯನ್ನು 24 ಅಥವಾ 36 ತಿಂಗಳ ಕಂತುಗಳಾಗಿ ಬಿಲ್ಲಿಗೆ ಹಾಕುತ್ತಾರೆ, ಪ್ರತಿ ತಿಂಗಳೂ ಅದೇ ಮೊತ್ತವನ್ನು ರಿಯಾಯಿತಿಯಾಗಿ ಕಳೆಯುತ್ತಾರೆ. ದೊಡ್ಡ ರಿಯಾಯಿತಿಗಳು ಸಾಮಾನ್ಯವಾಗಿ ಕಂಪನಿ ಈಗ ಮಾರುತ್ತಿರುವ ದುಬಾರಿ ಪ್ಲ್ಯಾನ್‌ಗಳಿಗೆ ಮಾತ್ರ, ಮತ್ತು ನಡುವೆ ಕಂಪನಿ ಬಿಟ್ಟರೆ ಉಳಿದ ರಿಯಾಯಿತಿ ಅಲ್ಲಿಗೇ ನಿಲ್ಲುತ್ತದೆ. ಎಂದರೆ ನಿಮ್ಮ ಹಳೆಯ ಪ್ಲ್ಯಾನನ್ನು ಬಿಟ್ಟುಕೊಡುವುದೇ ಆ ಫೋನಿಗೆ ನೀವು ಕೊಡುವ ಬೆಲೆ. ಪ್ಲ್ಯಾನ್ ಬೇಕಿದ್ದರೆ ಫೋನನ್ನು ತಯಾರಕರಿಂದಲೋ ಬೇರೆ ಅಂಗಡಿಯಿಂದಲೋ, ಅನ್‌ಲಾಕ್ ಆಗಿರುವುದನ್ನು, ಎಂದರೆ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವುದನ್ನು, ನಿಮ್ಮ ಹಣದಿಂದಲೇ ಕೊಳ್ಳಿ. ಹೊಸ ಮಾದರಿಯೇ ಆಗಬೇಕೆಂದಿಲ್ಲ. ಹಿಂದಿನ ವರ್ಷದ್ದು ಅಥವಾ ತಯಾರಕರೇ ಸರಿಪಡಿಸಿ ಮಾರುವುದು ಸಾಕು. ಫೋನ್ ಕೊಳ್ಳುವ ವ್ಯವಹಾರದಲ್ಲಿ ನಿಮ್ಮ ಮೊಬೈಲ್ ಕಂಪನಿಯ ಹೆಸರೇ ಬರಬಾರದು.

ನನ್ನ ಕಾಲಕ್ಕಿಂತ ಇಂದು ಕಷ್ಟವಾಗಿರುವ ಒಂದು ಸಂಗತಿ ಇ-ಸಿಮ್, ಎಂದರೆ ಬಿಡಿ ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಮುಖ್ಯ ಐಫೋನ್‌ಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ. ಆದ್ದರಿಂದ ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕುವ ಅತ್ಯಂತ ಸುರಕ್ಷಿತ ದಾರಿ ಅಲ್ಲಿ ಮುಚ್ಚಿದೆ. ಸಿಮ್ ಟ್ರೇ ಇರುವ ಆಂಡ್ರಾಯ್ಡ್ ಫೋನ್ ನಿಮಗೆ ಒಗ್ಗುವುದಾದರೆ ಅದನ್ನೇ ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಐಫೋನೇ ಬೇಕೆಂದರೆ, ಹಳೆಯ ಮತ್ತು ಹೊಸ ಫೋನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಸೆಟ್ಟಿಂಗ್ಸ್‌ನಿಂದಲೇ ಇ-ಸಿಮ್ ವರ್ಗಾಯಿಸುವ ಸೌಲಭ್ಯವಿದೆ, ಮನೆಯಲ್ಲಿ ಕೂತು ಅದನ್ನೇ ಬಳಸಿ. ಅದು ನಡೆಯದೆ ಕಂಪನಿಗೆ ಕರೆ ಮಾಡಬೇಕಾಗಿ ಬಂದರೆ, ಸಿಮ್ ಬದಲಾವಣೆ ಮಾತ್ರ ಬೇಕು ಎನ್ನಿ. ಅಪ್‌ಗ್ರೇಡ್ ಎಂಬ ಪದ ನಿಮ್ಮ ಬಾಯಿಂದ ಬರದಿರಲಿ. ಭಾರತದ ಐಫೋನ್‌ಗಳಲ್ಲಿ ಸಾಮಾನ್ಯವಾಗಿ ಸಿಮ್ ಟ್ರೇ ಇರುವುದರಿಂದ ಬೆಂಗಳೂರಿನಿಂದ ತರಿಸಿಕೊಳ್ಳೋಣವೇ ಎಂದು ನನ್ನ ಗೆಳೆಯರು ಕೇಳಿದ್ದಾರೆ. ಅಲ್ಲಿ 18% ಜಿಎಸ್‌ಟಿ ಸೇರಿ ಬೆಲೆ ಇಲ್ಲಿಗಿಂತ ಹೆಚ್ಚೇ ಬೀಳುತ್ತದೆ, ಇಲ್ಲಿನ 5ಜಿ ತರಂಗಗಳೆಲ್ಲ ಅದರಲ್ಲಿ ಸಿಗುವುದೂ ಇಲ್ಲ, ನಾನಂತೂ ತರಿಸುವುದಿಲ್ಲ.

ಪ್ಲ್ಯಾನ್ ಹೋಗುತ್ತದೆಂಬ ಭಯದಿಂದ ಫೋನನ್ನೇ ಬದಲಿಸದೆ ಕೂರುವುದೂ ಉಪಾಯವಲ್ಲ. 2022ರಲ್ಲಿ ದೊಡ್ಡ ಕಂಪನಿಗಳೆಲ್ಲ 3ಜಿ ಜಾಲವನ್ನು ಮುಚ್ಚಿದಾಗ ಹಾಗೆ ಕೂತವರು ಅವಸರದಲ್ಲಿ ಅಂಗಡಿಗೆ ಓಡಬೇಕಾಯಿತು, ಅವಸರದಲ್ಲಿ ಹೋದವರಿಗೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ.

ಆ ಪ್ಲ್ಯಾನ್ ಇಷ್ಟೆಲ್ಲ ಕಾಪಾಡಲು ಯೋಗ್ಯವೇ ಎಂಬುದನ್ನು ಮಾತ್ರ ನಿಮ್ಮ ಹಿಂದಿನ ಒಂದು ವರ್ಷದ ಬಿಲ್ಲುಗಳನ್ನು ತೆರೆದು ನೋಡಿ ನಿರ್ಧರಿಸಿ. ಹಳೆಯ ಅನ್‌ಲಿಮಿಟೆಡ್ ಎಂದೂ ಬದಲಾಗದ ವಸ್ತುವಾಗಿರಲಿಲ್ಲ. ಎಟಿ ಅಂಡ್ ಟಿ ತನ್ನ ಅನ್‌ಲಿಮಿಟೆಡ್ ಗ್ರಾಹಕರ ವೇಗವನ್ನು ತಗ್ಗಿಸಿದ್ದಕ್ಕಾಗಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಮೊಕದ್ದಮೆ ಹೂಡಿತು, 2019ರಲ್ಲಿ ಅದು 6 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ವೆರೈಜನ್ 2015ರಲ್ಲಿ ಹಳೆಯ ಅನ್‌ಲಿಮಿಟೆಡ್ ಡೇಟಾದ ಬೆಲೆಯನ್ನು ತಿಂಗಳಿಗೆ 20 ಡಾಲರ್ ಏರಿಸಿತು, ಮುಂದಿನ ವರ್ಷ ತಿಂಗಳಿಗೆ 100 ಜಿಬಿ ಮೀರಿ ಬಳಸುತ್ತಿದ್ದವರಿಗೆ ಬೇರೆ ಪ್ಲ್ಯಾನ್‌ಗೆ ಬನ್ನಿ ಎಂದು ತಿಳಿಸಿತು. 2017ರ ಫೆಬ್ರವರಿಯಲ್ಲಿ ಇವೆರಡೂ ಎಲ್ಲರಿಗೂ ಹೊಸ ಅನ್‌ಲಿಮಿಟೆಡ್ ಪ್ಲ್ಯಾನ್ ತಂದವು. ಆದ್ದರಿಂದ ನಿಮ್ಮ ಬಳಕೆ ತಿಂಗಳಿಗೆ ಹತ್ತು ಹದಿನೈದು ಜಿಬಿಯೊಳಗಿದ್ದು, ಮನೆಯಲ್ಲಿ ಒಳ್ಳೆಯ ಇಂಟರ್ನೆಟ್ ಇದ್ದರೆ, ಆ ಪ್ಲ್ಯಾನನ್ನು ಬಿಟ್ಟು ಬಿಡಿ ಎಂದೇ ನಾನು ಹೇಳುತ್ತೇನೆ. ಹಳೆಯ ಪ್ಲ್ಯಾನಿನಲ್ಲಿ 5ಜಿ ಇದೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಹೊಸ ಫೋನಿಗೆ ಹಾಕುವ ಹಣದ ಒಂದು ಪಾಲು ವ್ಯರ್ಥ. ಆದರೆ ನಿಮ್ಮ ಊರಿಗೆ ಕೇಬಲ್ ಬಾರದೆ, ಆಗ ನಮಗಿದ್ದಂತೆ ಫೋನೇ ಮನೆಯ ಇಂಟರ್ನೆಟ್ ಆಗಿದ್ದರೆ, ಅದನ್ನು ಬಿಡಬೇಡಿ.

ಉಳಿಸಿಕೊಳ್ಳುವುದೆಂದು ನಿರ್ಧರಿಸಿದರೆ, ಫೋನ್ ಬದಲಿಸುವ ಮೊದಲೇ ಇತ್ತೀಚಿನ ಬಿಲ್ಲಿನ ಪಿಡಿಎಫ್ ಪ್ರತಿಯನ್ನೂ, ಖಾತೆಯಲ್ಲಿ ಪ್ಲ್ಯಾನಿನ ಹೆಸರು ಕಾಣುವ ಪುಟದ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ. ವರ್ಗಾವಣೆಯನ್ನು ವಾರದ ದಿನ ಬೆಳಿಗ್ಗೆ ಮಾಡಿ, ಹೆಚ್ಚುಕಡಿಮೆಯಾದರೆ ಅಂದೇ ಕರೆ ಮಾಡಲು ಸಮಯವಿರುತ್ತದೆ. ಮುಗಿದ ಕೂಡಲೇ ಖಾತೆ ತೆರೆದು ಡೇಟಾ ಸಾಲಿನಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಮೊತ್ತ ಅಷ್ಟೇ ಇದೆಯೆಂದು ತೃಪ್ತರಾಗಬೇಡಿ. ಮುಂದಿನ ಬಿಲ್ ಬಂದು ಅದರಲ್ಲಿಯೂ ಅದೇ ಹೆಸರು ಕಾಣುವವರೆಗೆ ಹಳೆಯ ಫೋನನ್ನು ಯಾರಿಗೂ ಮಾರಬೇಡಿ, ವಿನಿಮಯಕ್ಕೂ ಕೊಡಬೇಡಿ, ಏಕೆಂದರೆ ಬದಲಾವಣೆಯನ್ನು ಹಿಂದಿರುಗಿಸಬೇಕಾಗಿ ಬಂದರೆ ನಂಬರನ್ನು ಮೊದಲು ಆ ಫೋನಿಗೇ ಮರಳಿಸಬೇಕಾಗಬಹುದು.