ಕಲ್ಲು-ಮಣ್ಣಿನ ಮನೆ ಮತ್ತು ಕಿಲ್ಲಾರಿ ಭೂಕಂಪ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ನಡುಗಿದಾಗ ನಮ್ಮೂರಲ್ಲೂ ನೆಲ ಅದುರಿತ್ತು ಎಂದು ಹಿರಿಯರು ಹೇಳುತ್ತಾರೆ. ಜಗತ್ತಿನಲ್ಲಿ ಅಷ್ಟು ತೀವ್ರತೆಯ ಭೂಕಂಪಗಳು ಎಷ್ಟೋ ಆಗುತ್ತವೆ, ಹೆಚ್ಚಿನವುಗಳಲ್ಲಿ ಇಷ್ಟು ಸಾವು ಇರುವುದಿಲ್ಲ. ಅಲ್ಲಿ ಮಾತ್ರ ಊರಿಗೆ ಊರೇ ಹೋದದ್ದು ಹೇಗೆ?
— ಬಸವಕಲ್ಯಾಣದ ಓದುಗರು

ಉತ್ತರ: ತೀವ್ರತೆ 6.2. ಆ ಅಂಕಿಯೊಂದನ್ನೇ ನೋಡಿದರೆ ಇದು ಮಧ್ಯಮ ಗಾತ್ರದ ಭೂಕಂಪ. ಆದರೂ ಸರ್ಕಾರಿ ಲೆಕ್ಕದಲ್ಲೇ ಸುಮಾರು 8,000 ಜನ ಸತ್ತರು. ಕಂಪನದ ಕೇಂದ್ರ ನೆಲದಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಆಳದಲ್ಲೇ ಇದ್ದದ್ದರಿಂದ ಮೇಲಿನ ಹಳ್ಳಿಗಳಿಗೆ ಏಟು ನೇರವಾಗಿ ತಗುಲಿತು. ಸಮಯವೂ ಕೆಟ್ಟದ್ದು: ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷ. ಗಣೇಶ ವಿಸರ್ಜನೆ ಮುಗಿಸಿ ಬಂದ ಜನ ಮನೆಯೊಳಗೆ ಗಾಢ ನಿದ್ದೆಯಲ್ಲಿದ್ದರು. ಆದರೆ ಇಷ್ಟು ಸಾವಿಗೆ ಮುಖ್ಯ ಕಾರಣ ಆ ಮನೆಗಳ ಗೋಡೆ ಮತ್ತು ಮಾಳಿಗೆ. ನಿಮ್ಮ ಸೀಮೆಯಲ್ಲೂ ಅಂಥ ಮನೆಗಳು ಇರುವುದರಿಂದ ಅವುಗಳ ಒಳಗನ್ನು ತುಸು ಬಿಡಿಸಿ ಹೇಳುತ್ತೇವೆ.

ಲಾತೂರು, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳ ಆ ಮನೆಗಳ ಗೋಡೆ ಎರಡು ಅಡಿಯಿಂದ ನಾಲ್ಕು ಅಡಿವರೆಗೆ ದಪ್ಪ. ದಪ್ಪ ಇದ್ದರೆ ಗಟ್ಟಿ ಎಂದೇ ಎಲ್ಲರ ನಂಬಿಕೆ. ವಾಸ್ತವದಲ್ಲಿ ಅದು ಒಂದು ಗೋಡೆಯಲ್ಲ, ಎರಡು. ಹೊರಮುಖಕ್ಕೆ ಒಂದು ಸಾಲು ಕಪ್ಪುಗಲ್ಲು, ಒಳಮುಖಕ್ಕೆ ಇನ್ನೊಂದು ಸಾಲು, ನಡುವೆ ಕಲ್ಲುಚೂರು ಮತ್ತು ಮಣ್ಣಿನ ತುಂಬು. ಒಂದು ಸಾಲನ್ನು ಇನ್ನೊಂದಕ್ಕೆ ಹಿಡಿದಿಡುವ ಉದ್ದ ಕಲ್ಲು ಒಂದೂ ಇರಲಿಲ್ಲ. ಮೂಲೆಯಲ್ಲಿ ಎರಡು ಗೋಡೆ ಸೇರುವ ಕಡೆಯೂ ಕಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡಿರಲಿಲ್ಲ. ನೆಲ ಅದುರಿದಾಗ ನಡುವಿನ ಮಣ್ಣು ಕುಸಿದು ಕೆಳಗಿಳಿಯುತ್ತದೆ, ಎರಡೂ ಸಾಲುಗಳನ್ನು ಆಚೀಚೆ ತಳ್ಳುತ್ತದೆ, ಗೋಡೆ ಹೊಟ್ಟೆ ಬಿಟ್ಟು ಸೀಳುತ್ತದೆ. ಇದಕ್ಕೆ ಬೇಕಾದದ್ದು ಕೆಲವೇ ಸೆಕೆಂಡು.

ಅದರ ಮೇಲೆ ಮಾಳಿಗೆ. ಜಂತಿ, ಹಲಗೆ, ಮೇಲೆ ಮಣ್ಣು. ಸೋರಿದಾಗಲೆಲ್ಲ ಇನ್ನೊಂದು ಪದರ ಹಾಕುತ್ತಾ ಬಂದು ಎಷ್ಟೋ ಮನೆಗಳಲ್ಲಿ ಆ ಮಣ್ಣು ಎರಡು ಅಡಿಗೆ ಏರಿತ್ತು. ಲೆಕ್ಕ ಹಾಕಿ ನೋಡಿ: 10 ಅಡಿಗೆ 12 ಅಡಿಯ ಕೋಣೆ ಎಂದರೆ ಸುಮಾರು 11 ಚದರ ಮೀಟರ್. 60 ಸೆಂಟಿಮೀಟರ್ ಮಣ್ಣು ಇದ್ದರೆ 6.6 ಘನ ಮೀಟರ್. ಒಣಮಣ್ಣು ಘನ ಮೀಟರಿಗೆ 1.6 ಟನ್ ತೂಗುತ್ತದೆ ಎಂದಿಟ್ಟುಕೊಂಡರೂ ಮಲಗಿದವರ ತಲೆಯ ಮೇಲೆ ಹತ್ತೂವರೆ ಟನ್. ಮಳೆಗೆ ನೆನೆದ ಮಣ್ಣು ಇನ್ನೂ ಭಾರ. ಅದು ಕುಸಿದಾಗ ಕಲ್ಲಿಗೆ ಸಿಕ್ಕವರಷ್ಟೇ ಅಲ್ಲ, ಮಣ್ಣು-ದೂಳಿನಲ್ಲಿ ಉಸಿರುಗಟ್ಟಿ ಸತ್ತವರೂ ಬಹಳ. ಮಾಳಿಗೆಯ ಭಾರವನ್ನು ಗೋಡೆಯ ಬದಲು ಮರದ ಕಂಬಗಳು ಹೊತ್ತಿದ್ದ ಮನೆಗಳಲ್ಲಿ ಗೋಡೆ ಉದುರಿದರೂ ಕಂಬ-ತೊಲೆಗಳು ನಿಂತ ಉದಾಹರಣೆಗಳಿವೆ.

ಆಗಿನ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ 1ನೇ ವಲಯವನ್ನೇ ಕೈಬಿಟ್ಟು, ಕಿಲ್ಲಾರಿ ಸುತ್ತಲಿನ ಭಾಗವನ್ನು 3ನೇ ವಲಯಕ್ಕೆ ಸೇರಿಸಿದರು. ಕರ್ನಾಟಕದ ಬಹುಭಾಗ ಆ ನಕ್ಷೆಯಲ್ಲಿ 2ನೇ ವಲಯ, ಕರಾವಳಿ ಮತ್ತು ಬೆಳಗಾವಿ ಕಡೆ 3ನೇ ವಲಯ. 'ನಮ್ಮದು ಕಡಿಮೆ ಅಪಾಯದ ವಲಯ' ಎಂಬ ಧೈರ್ಯದಲ್ಲಿ ಕಲ್ಲು-ಮಣ್ಣಿನ ಗೋಡೆಯನ್ನು ಹಾಗೇ ಬಿಡುವುದು ಸರಿಯಲ್ಲ ಎಂಬುದೇ ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಆಳಂದ ತಾಲ್ಲೂಕಿನಲ್ಲಿ ನಮ್ಮ ಅಜ್ಜ ಕಟ್ಟಿಸಿದ ಜಂತಿ ಮನೆ ಇದೆ. ಕೆಡವಿ ಕಟ್ಟಿಸುವಷ್ಟು ಹಣವಿಲ್ಲ. ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ, ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಿದರೆ ಸಾಕೇ?
— ಕಲಬುರಗಿ ಜಿಲ್ಲೆಯ ಓದುಗರು

ಉತ್ತರ: ದಯವಿಟ್ಟು ಸ್ಲ್ಯಾಬ್ ಹಾಕಿಸಬೇಡಿ. ಮಣ್ಣಿನ ಗಾರೆಯ ಗೋಡೆಯ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಕೂರಿಸಿದರೆ ಅಡಿಯ ಗೋಡೆ ಸೀಳಿದಾಗ ಇಡೀ ಸ್ಲ್ಯಾಬ್ ಒಂದೇ ತುಂಡಾಗಿ ಕೆಳಗೆ ಬರುತ್ತದೆ. 2001ರ ಭುಜ್ ಭೂಕಂಪದಲ್ಲಿ ಇಂಥ ಮನೆಗಳು ಬಹಳ ಬಿದ್ದವು. ಬರೀ ಸಿಮೆಂಟ್ ಗಿಲಾವಿನಿಂದ ಎರಡು ಸಾಲುಗಳು ಕೂಡಿಕೊಳ್ಳುವುದಿಲ್ಲ. ಗೋಡೆ ಉಬ್ಬಿದ್ದರೆ ಅದನ್ನು ಮುಚ್ಚಿಬಿಡುತ್ತದೆ, ಒಳಗಿನ ತೇವವನ್ನೂ ಹೊರಹೋಗಲು ಬಿಡುವುದಿಲ್ಲ.

ಕೆಡವದೆ ಬಲಪಡಿಸುವ ದಾರಿ ಇದೆ. ಕಿಲ್ಲಾರಿಯ ನಂತರ ಮಹಾರಾಷ್ಟ್ರದಲ್ಲಿ ಬಳಸಿದ್ದೂ ಇದನ್ನೇ. ಊರಿನ ಗೌಂಡಿಗಳೇ ಮಾಡಬಲ್ಲ ಕೆಲಸ, ಆದರೆ ಅವಸರ ಕೂಡದು.

ಮೊದಲು ದಾರಕ್ಕೆ ಗುಂಡು ಕಟ್ಟಿ ಗೋಡೆಯ ತಲೆಯಿಂದ ಇಳಿಬಿಟ್ಟು ನೋಡಿ. ಎಲ್ಲಿ ಗೋಡೆ ದಾರವನ್ನು ಹೊರಕ್ಕೆ ತಳ್ಳುತ್ತದೋ ಅಲ್ಲಿ ಎರಡು ಸಾಲು ಆಗಲೇ ಬೇರೆಯಾಗಿವೆ ಎಂದರ್ಥ. ಹೊಟ್ಟೆ ಬಿಟ್ಟ ಆ ಭಾಗಕ್ಕೆ ಕೆಳಗೆ ಹೇಳುವ ಹೊಲಿಗೆ ನಡೆಯುವುದಿಲ್ಲ. ಜಂತಿಗೆ ಕಂಬದ ಆಸರೆ ಕೊಟ್ಟು, ಅಷ್ಟು ಭಾಗ ಬಿಚ್ಚಿ ಹೊಸದಾಗಿ ಕಟ್ಟಬೇಕು.

ಎರಡನೆಯದು ಮಾಳಿಗೆಯ ಭಾರ. ಬೇಸಿಗೆಯಲ್ಲೇ ಮಾಡಿ. ಮಣ್ಣನ್ನು ಇಡೀ ಮಾಳಿಗೆಯಿಂದ ಸಮನಾಗಿ, ಪದರ ಪದರವಾಗಿ ತೆಗೆಯಿರಿ. ಒಂದು ಮೂಲೆಗೆ ಗುಡ್ಡೆ ಹಾಕಿದರೆ ಆ ಜಂತಿಗಳೇ ಮುರಿದಾವು. ಹಲಗೆ ಕಂಡ ಮೇಲೆ ಹುಳ ತಿಂದ ಜಂತಿ ಬದಲಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ 20 ಸೆಂಟಿಮೀಟರ್ ಮೀರದಂತೆ ಮಣ್ಣು ಹರಡಿ ನೀರು ಹೋಗಲು ಇಳಿಜಾರು ಕೊಡಿ. ಮುಂಚಿನ ಲೆಕ್ಕದ ಹತ್ತೂವರೆ ಟನ್ ಆಗ ಮೂರೂವರೆ ಟನ್ನಿಗೆ ಇಳಿಯುತ್ತದೆ. ಮನೆಯೊಳಗಿನ ತಂಪೂ ಹೆಚ್ಚು ಕೆಡುವುದಿಲ್ಲ. ಕಂಬ ಮತ್ತು ತೊಲೆ ಸೇರುವ ಕಡೆ ಎರಡೂ ಬದಿಗೆ ಓರೆಯಾಗಿ ಮರದ ಆಸರೆ ಹೊಡೆಸಿ. ಬರೀ ಮೇಲೆ ಕೂರಿಸಿದ ತೊಲೆ ಅದುರಿದಾಗ ಜಾರುತ್ತದೆ.

ಮೂರನೆಯದೇ ಮುಖ್ಯ ಕೆಲಸ: ಗೋಡೆಯ ಎರಡು ಸಾಲುಗಳನ್ನು ಹೊಲಿಯುವುದು. ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಅಡ್ಡಕ್ಕೂ ಎತ್ತರಕ್ಕೂ ಒಂದೊಂದು ಮೀಟರಿಗೆ ಒಂದು ಗುರುತು, ಮೇಲಿನ ಸಾಲಿನ ಗುರುತು ಕೆಳಗಿನ ಸಾಲಿಗಿಂತ ಅರ್ಧ ಮೀಟರ್ ಪಕ್ಕಕ್ಕೆ. ಗುರುತಿನ ಕಲ್ಲಿನ ಸುತ್ತಲ ಮಣ್ಣು ಕೆರೆದು, ಚಿಕ್ಕ ಹಾರೆಯಿಂದ ಕಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ಹೊರಗೆಳೆಯಿರಿ. ಸುತ್ತಿಗೆಯಿಂದ ಹೊಡೆಯುವಂತಿಲ್ಲ, ಹೊಡೆದರೆ ಸುತ್ತಲಿನ ಕಲ್ಲುಗಳೂ ಸಡಿಲವಾಗುತ್ತವೆ. ಒಳಗಿನ ತುಂಬನ್ನು ಕೈಯಿಂದ ತೆಗೆಯುತ್ತಾ ಆಚೆ ಮುಖದ ಕಲ್ಲಿನವರೆಗೆ ಸುಮಾರು 75 ಮಿಲಿಮೀಟರ್ ಅಗಲದ ತೂತು ಮಾಡಿ, ನಂತರ ಆಚೆಯ ಕಲ್ಲನ್ನೂ ತೆಗೆಯಿರಿ. ತೂತು ಎರಡು ತುದಿಗೆ ಅಗಲ, ನಡುವೆ ಕಿರಿದು ಇರಬೇಕು. ಕಾಂಕ್ರೀಟ್ ಗಟ್ಟಿಯಾದಾಗ ಆ ಅಗಲ ತುದಿಗಳೇ ಎರಡು ಸಾಲುಗಳನ್ನು ಹಿಡಿದುಕೊಳ್ಳುತ್ತವೆ. ತೂತು ತುಸು ಓರೆಯಾದರೂ ಚಿಂತೆಯಿಲ್ಲ.

ಅದರೊಳಗೆ ಎರಡು ತುದಿ ಕೊಕ್ಕೆಯಂತೆ ಬಾಗಿಸಿದ 8 ಮಿಲಿಮೀಟರ್ ಸರಳು ಇಟ್ಟು, ಒಂದು ಭಾಗ ಸಿಮೆಂಟ್, ಎರಡು ಮರಳು, ನಾಲ್ಕು ಸಣ್ಣ ಜಲ್ಲಿಯ ಕಾಂಕ್ರೀಟನ್ನು ಗಟ್ಟಿಯಾಗಿ ತುಂಬಿ. ಸರಳಿನ ತುದಿ ಹೊರಗೆ ಕಾಣಬಾರದು, ಒಂದು ಇಂಚು ಒಳಗಿರಲಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ಕನಿಷ್ಠ ಹತ್ತು ದಿನ ನೀರು ಚಿಮುಕಿಸಿ. ಹೆಚ್ಚಿನ ಕಡೆ ಕೆಲಸ ಕೆಡುವುದು ಇಲ್ಲೇ: ಕೂಲಿ ಉಳಿಸಲು ಒಂದೇ ದಿನ ಅಕ್ಕಪಕ್ಕದ ತೂತುಗಳನ್ನೆಲ್ಲ ತೆಗೆದರೆ ಗೋಡೆ ಅಲ್ಲೇ ಕುಸಿಯಬಹುದು. ಒಂದನ್ನು ಬಿಟ್ಟು ಒಂದು ಮಾಡಿಸಿ, ತುಂಬಿದ್ದು ಗಟ್ಟಿಯಾದ ಮೇಲೆ ನಡುವಿನದ್ದಕ್ಕೆ ಕೈಹಾಕಿ.

ಕೊನೆಗೆ ಬಾಗಿಲು-ಕಿಟಕಿಗಳ ಮೇಲೆ, ಮಾಳಿಗೆಯ ಕೆಳಗೆ, ಮನೆಯ ಸುತ್ತ ಒಂದಡಿ ಅಗಲದ, ಬೆಸುಗೆ ಹಾಕಿದ ತಂತಿ ಜಾಲರಿಯ ಪಟ್ಟಿ. ಸಂದುಗಳ ಮಣ್ಣನ್ನು ಎರಡು ಸೆಂಟಿಮೀಟರ್ ಆಳ ಕೆರೆದು ತೊಳೆದು, ಒಂದು ಭಾಗ ಸಿಮೆಂಟ್, ಮೂರು ಮರಳಿನ ಗಾರೆಯ ಮೊದಲ ಕೋಟ್, ಉದ್ದ ಮೊಳೆಗಳಿಂದ ಜಾಲರಿ, ಮೇಲೆ ಎರಡನೇ ಕೋಟ್. ಜಾಲರಿ ಮುಗಿದು ಇನ್ನೊಂದು ಶುರುವಾಗುವಲ್ಲಿ ಒಂದಡಿ ಒಂದರ ಮೇಲೊಂದು ಬರಲಿ. ಈ ಜೋಡಣೆ ಮೂಲೆಯಲ್ಲಿ ಬರಲೇಬಾರದು. ಮೂಲೆಯನ್ನು ಹಿಡಿಯುವುದೇ ಈ ಪಟ್ಟಿಯ ಕೆಲಸ.

ಬಿಚ್ಚಿ ಹೊಸದಾಗಿ ಕಟ್ಟುವ ಭಾಗಕ್ಕೆ ಬೇರೆ ಲೆಕ್ಕ. ಗೋಡೆ 45 ಸೆಂಟಿಮೀಟರಿಗಿಂತ ದಪ್ಪ ಬೇಡ, ಎತ್ತರ 3 ಮೀಟರ್ ದಾಟಬಾರದು, ಅಡ್ಡಗೋಡೆಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಬೇಡ. ಎತ್ತರದಲ್ಲಿ ಪ್ರತಿ 60 ಸೆಂಟಿಮೀಟರಿಗೆ, ಉದ್ದದಲ್ಲಿ 1.2 ಮೀಟರಿಗೆ ಒಂದರಂತೆ ಈ ಮುಖದಿಂದ ಆ ಮುಖಕ್ಕೆ ಹಾಯುವ ಕಲ್ಲು ಇರಲೇಬೇಕು. ಗೌಂಡಿಗಳು ಥ್ರೂ ಸ್ಟೋನ್ ಎನ್ನುವುದು ಇದನ್ನೇ. ಅಷ್ಟು ಉದ್ದದ ಕಲ್ಲು ಸಿಗದಿದ್ದರೆ ಗೋಡೆಯ ಮುಕ್ಕಾಲು ದಪ್ಪದ ಎರಡು ಕಲ್ಲುಗಳನ್ನು ಪಕ್ಕಪಕ್ಕ ಎದುರುಬದುರಾಗಿ ಇಡಬಹುದು. ಗುಂಡುಗಲ್ಲು ಬಳಸಬೇಡಿ. ಮಣ್ಣಿನ ಗಾರೆಯಲ್ಲಿ ಒಂದೇ ಅಂತಸ್ತು.

ಪ್ರಶ್ನೆ: ಭೂಕಂಪದ ನಂತರ ಇಡೀ ಹಳ್ಳಿಗಳನ್ನೇ ಸ್ಥಳಾಂತರಿಸಿದರಲ್ಲ, ಅದರಿಂದ ಜನರಿಗೆ ಒಳ್ಳೆಯದಾಯಿತೇ?
— ಧಾರವಾಡದ ವಿದ್ಯಾರ್ಥಿನಿ

ಉತ್ತರ: ವಿಶ್ವಬ್ಯಾಂಕ್ ನೆರವಿನ ಆ ಯೋಜನೆಯಲ್ಲಿ ಹೆಚ್ಚು ಹಾಳಾದ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿದರು. ಮನೆಗಳು ಗಟ್ಟಿಯಾಗಿದ್ದವು, ರಸ್ತೆ, ಶಾಲೆ ಬಂದವು. ಆದರೆ ನಕ್ಷೆ ಬರೆದವರು ಪಟ್ಟಣದ ಬಡಾವಣೆಯಂತೆ ನೇರ ಸಾಲು ಹಾಕಿದರು. ಹಳೆಯ ಊರಿನಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರವಿದ್ದ ಬಂಧು-ಬಳಗ ದೂರದೂರದ ಸಾಲುಗಳಿಗೆ ಹೋಯಿತು. ಊರು ಹಿಂದಿಗಿಂತ ಎಷ್ಟೋ ಪಟ್ಟು ಹರಡಿದ್ದರಿಂದ ರಸ್ತೆ, ನೀರಿನ ಕೊಳವೆ ನೋಡಿಕೊಳ್ಳುವುದು ಪಂಚಾಯಿತಿಗೆ ಹೊರೆಯಾಯಿತು. ಮನೆಯ ಅಳತೆ ಜಮೀನಿನ ಮೇಲೆ ನಿಂತಿತ್ತು: ಭೂರಹಿತರಿಗೆ ಮತ್ತು ತೀರಾ ಸಣ್ಣ ಹಿಡುವಳಿದಾರರಿಗೆ 250 ಚದರ ಅಡಿ, ದೊಡ್ಡ ಹಿಡುವಳಿದಾರರಿಗೆ 750. ದನ ಕಟ್ಟಲು, ಕಾಳು ತುಂಬಿಡಲು, ನಾಲ್ಕು ಜನ ಕೂರುವ ಪಡಸಾಲೆಗೆ 250 ಅಡಿಯಲ್ಲಿ ಜಾಗವೆಲ್ಲಿ? ಜನ ಮುಂದೆ ತಗಡಿನ ಚಪ್ಪರ ಇಳಿಸಿಕೊಂಡರು.

ಕಡಿಮೆ ಹಾನಿಯಾದ ಹಳ್ಳಿಗಳಲ್ಲಿ ಬೇರೆ ದಾರಿ ಹಿಡಿದರು. ಸುಮಾರು ಎರಡು ಲಕ್ಷ ಮನೆಗಳನ್ನು ಇದ್ದ ಜಾಗದಲ್ಲೇ, ಮನೆಯವರ ಕೈಯಲ್ಲೇ ದುರಸ್ತಿ ಮಾಡಿಸಿ ಬಲಪಡಿಸುವ ಕೆಲಸ ಅದು. ಸ್ವಯಂ ಶಿಕ್ಷಣ ಪ್ರಯೋಗ್ ಸಂಸ್ಥೆಯ ಮೂಲಕ ಹಳ್ಳಿಯ ಮಹಿಳೆಯರೇ 'ಸಂವಾದ ಸಹಾಯಕ'ರಾಗಿ ಅನುದಾನದ ನಿಯಮ, ಥ್ರೂ ಸ್ಟೋನಿನ ಅಳತೆ ಎಲ್ಲವನ್ನೂ ಮನೆಮನೆಗೆ ತಲುಪಿಸಿದರು. ಹಣ ಎಲ್ಲಿ ನಿಂತಿದೆ ಎಂದು ಅಧಿಕಾರಿಗಳನ್ನು ಕೇಳಿದ್ದೂ ಅವರೇ. ನಮ್ಮ ದೃಷ್ಟಿಯಲ್ಲಿ ಕಿಲ್ಲಾರಿಯಿಂದ ಕಲಿಯಬೇಕಾದ ಪುನರ್ವಸತಿ ಇದು. ಹೆತ್ತವರನ್ನು ಕಳೆದುಕೊಂಡ ಮತ್ತು ಸಂತ್ರಸ್ತ ಕುಟುಂಬಗಳ ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆ ಪುಣೆಗೆ ಕರೆದೊಯ್ದು ಓದಿಸಿತು. ಸ್ಥಳಾಂತರದ ಚರ್ಚೆಯಲ್ಲಿ ಆ ಮಕ್ಕಳ ಹೆಸರು ಬರುವುದೇ ಕಡಿಮೆ.

ಪ್ರಶ್ನೆ: 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ಪದೇ ಪದೇ ಭೂಮಿ ಸದ್ದು ಮಾಡಿ ಅದುರಿತು. ಜನ ಹೊರಗೆ ಮಲಗಿದರು. ಅದು ಸರಿಯೇ? ದೊಡ್ಡದು ಬರುವ ಸೂಚನೆಯೇ?
— ಸೇಡಂನ ಓದುಗರು

ಉತ್ತರ: ಇಂಥ ಸರಣಿಗಳಲ್ಲಿ ಹೆಚ್ಚಿನವು ತಾವಾಗಿ ನಿಲ್ಲುತ್ತವೆ. ತೀವ್ರತೆ 4ರ ಕಂಪನಕ್ಕೂ 6.2ಕ್ಕೂ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು ಎರಡು ಸಾವಿರ ಪಟ್ಟು ವ್ಯತ್ಯಾಸವಿದೆ. ಆದರೆ ಕಿಲ್ಲಾರಿ ಸುತ್ತಲೂ ಹಿಂದಿನ ವರ್ಷ, 1992ರಲ್ಲಿ, ಸಣ್ಣ ಕಂಪನಗಳ ಸರಣಿ ಬಂದು ಅಡಗಿತ್ತು. ಯಾವ ಸರಣಿ ಅಡಗುತ್ತದೆ, ಯಾವುದರ ಹಿಂದೆ ದೊಡ್ಡದು ಬರುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ಇಂದಿಗೂ ಇಲ್ಲ. ಆದ್ದರಿಂದ ಕಲ್ಲು-ಮಣ್ಣಿನ ಮನೆಯವರು ಹೊರಗೆ ಮಲಗಿದ್ದು ಸರಿಯೇ.

ಹೊರಗೆ ಎಂದರೆ ಅಂಗಳದ ಗೋಡೆಯ ಬುಡವಲ್ಲ. ಯಾವುದೇ ಗೋಡೆಯಿಂದ ಅದರ ಎತ್ತರಕ್ಕಿಂತ ಹೆಚ್ಚು ದೂರದಲ್ಲಿ, ವಿದ್ಯುತ್ ತಂತಿಯ ಕೆಳಗಲ್ಲದ ಬಯಲಿನಲ್ಲಿ ಹಾಸಿಗೆ ಹಾಕಿ. ಒಳಗೇ ಮಲಗಬೇಕಾದ ವೃದ್ಧರಿದ್ದರೆ ಮಣ್ಣು ಇಳಿಸಿದ ಅಥವಾ ತಗಡು ಹೊದಿಸಿದ ಕೋಣೆ ಕೊಡಿ, ಮಂಚವನ್ನು ಬಾಗಿಲ ಹತ್ತಿರ ಇಡಿ, ಆ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಬೇಡಿ. ಕಂಪನ ನಿಂತ ಮರುದಿನ ಬೆಳಿಗ್ಗೆ ಬಾಗಿಲು-ಕಿಟಕಿಗಳ ಮೂಲೆ, ಗೋಡೆಗಳು ಕೂಡುವ ಜಾಗಗಳ ಬಿರುಕುಗಳ ಎರಡು ತುದಿಗೂ ಪೆನ್ಸಿಲ್ ಗೀರು ಹಾಕಿ ತಾರೀಖು ಬರೆಯಿರಿ. ಬಿರುಕು ಆ ಗೀರು ದಾಟಿ ಬೆಳೆದರೆ ಆ ಕೋಣೆಯನ್ನು ಅಂದೇ ಖಾಲಿ ಮಾಡಿ, ತಹಶೀಲ್ದಾರ್ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ.