ರೋಗ ಬಂದಮೇಲೆ ಚಿಕಿತ್ಸೆ ಇದ್ದೇ ಇದೆ, ಬರದಂತೆ ತಡೆಯೋಕೆ ಯಾಕೆ ಅಷ್ಟು ಹಣ ಹಾಕಬೇಕು?

ಚಿಕಿತ್ಸೆಗೆ ಹಾಕಿದ ಹಣ ಹೆಚ್ಚಾಗಿ ಆ ಒಬ್ಬ ರೋಗಿಗಷ್ಟೇ ಉಪಯೋಗ. ತಡೆಯಲು ಹಾಕಿದ ಹಣ ಅವರಿಂದ ರೋಗ ಅಂಟಬಹುದಾಗಿದ್ದ ಎಲ್ಲರನ್ನೂ ಉಳಿಸುತ್ತದೆ. ಲಾಭ ಇರುವುದೇ ಅಲ್ಲಿ.

ದಡಾರವನ್ನೇ ನೋಡಿ. ಯಾರಿಗೂ ಲಸಿಕೆ ಆಗಿಲ್ಲದ ಕಡೆ ಒಬ್ಬರಿಂದ ಸುಮಾರು 12ರಿಂದ 18 ಜನಕ್ಕೆ ಅದು ಅಂಟುತ್ತದೆ. ರೋಗಿ ಕೋಣೆಯಿಂದ ಎದ್ದು ಹೋದಮೇಲೂ 2 ಗಂಟೆವರೆಗೆ ವೈರಸ್ ಗಾಳಿಯಲ್ಲಿ ಉಳಿಯಬಲ್ಲದು. ಮೈಮೇಲೆ ದದ್ದು ಏಳುವ 4 ದಿನ ಮೊದಲೇ ಹರಡಲು ಶುರುವಾಗುತ್ತದೆ. ಅಂದರೆ ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಅದು ಆಗಲೇ ಹಲವರಿಗೆ ದಾಟಿರುತ್ತದೆ, ಅಲ್ವಾ? ನೂರಕ್ಕೆ 95 ಜನ ಲಸಿಕೆ ಹಾಕಿಸಿಕೊಂಡಿದ್ದರೆ ಮಾತ್ರ ವೈರಸ್‌ಗೆ ಮುಂದೆ ಹೋಗಲು ದಾರಿ ಸಿಗುವುದಿಲ್ಲ. ಆಗ ಲಸಿಕೆಯ ವಯಸ್ಸೇ ಆಗದ ಎಳೆಗೂಸುಗಳೂ ಬಚಾವಾಗುತ್ತವೆ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಲಾಭ ಅನಿಸುತ್ತದೆ.

ಸಿಡುಬಿನ ವಿಷಯದಲ್ಲಂತೂ ಖರ್ಚೇ ನಿಂತುಹೋಯಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಿತು. ಆಮೇಲೆ ಹುಟ್ಟಿದ ಮಕ್ಕಳಿಗೆ ಆ ಲಸಿಕೆಯೂ ಬೇಕಾಗಲಿಲ್ಲ.

ಅಂಟದ ಕಾಯಿಲೆಗಳಲ್ಲೂ ಲಾಭವಿದೆ. ಬಿಪಿಯನ್ನು ದಿನದ ಮಾತ್ರೆಯಲ್ಲಿ ಹಿಡಿತದಲ್ಲಿಟ್ಟರೆ ಲಕ್ವ ಹೊಡೆಯುವ ಅಪಾಯ ತುಂಬಾ ಕಡಿಮೆ. ದುಡಿಯುವ ಒಬ್ಬರಿಗೆ ಲಕ್ವ ಹೊಡೆದರೆ ಇಡೀ ಮನೆಯ ಸಂಪಾದನೆ ನಿಲ್ಲುತ್ತದೆ. ಆಸ್ಪತ್ರೆ ಬಿಲ್ಲಿನಲ್ಲಿ ಈ ನಷ್ಟ ಕಾಣುವುದಿಲ್ಲ.

ಹಾಗಂತ ಎಲ್ಲರಿಗೂ ಸುಮ್ನೆ ಎಲ್ಲಾ ಟೆಸ್ಟ್ ಮಾಡಿಸಿದರೆ ಹಣ ಉಳಿಯಲ್ಲ. ಯಾರಿಗೆ ಅಪಾಯ ಜಾಸ್ತಿ ಎಂದು ನೋಡಿ ಹಾಕಿದ ಹಣವೇ ಹೆಚ್ಚು ಫಲ ಕೊಡುವುದು.