ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡಿಜಿಕ್ಯಾಮ್ ಇನ್‌ಸ್ಟಾಲ್ ಆಗುತ್ತಿಲ್ಲ, ಏನು ಮಾಡಲಿ?

ಶಿರಸಿ ಮಾರಿಕಾಂಬಾ ಜಾತ್ರೆಯ, ಮನೆಯವರ ಸಾವಿರಾರು ಫೋಟೋಗಳನ್ನು ಡಿಜಿಕ್ಯಾಮ್ ಎಂಬ ಫೋಟೋ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಜೋಡಿಸಿಡಬೇಕು, ಆದರೆ 4 ಜಿಬಿ ರ್‍ಯಾಮಿನ ವಿಂಡೋಸ್ 10 ಲ್ಯಾಪ್‌ಟಾಪ್ 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯದು' ಅನ್ನುತ್ತಿದೆ ಎಂದು ಕೇಳಿದ್ದೀರಿ.

ಬಹುಶಃ ನಿಮ್ಮ ವಿಂಡೋಸ್ 32 ಬಿಟ್‌ನದು, ಅಂದರೆ ಹಳೆಯ ಬಗೆಯದು. ಈಗಿನ ಡಿಜಿಕ್ಯಾಮ್ 64 ಬಿಟ್‌ಗೆ ಮಾತ್ರ ಬರುತ್ತದೆ. ಸುಮ್ನೆ ಮತ್ತೆ ಮತ್ತೆ ಡೌನ್‌ಲೋಡ್ ಮಾಡಿ ಡೇಟಾ ಖಾಲಿ ಮಾಡಬೇಡಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ 'ಸಿಸ್ಟಮ್ ಟೈಪ್' ನೋಡಿ. ಅಲ್ಲಿ ಎರಡು ವಿಷಯ ಇರುತ್ತದೆ: ವಿಂಡೋಸ್ ಯಾವುದು, ಪ್ರೊಸೆಸರ್ ಯಾವುದು. ವಿಂಡೋಸ್ 32 ಬಿಟ್ ಇದ್ದು ಪ್ರೊಸೆಸರ್ 'ಎಕ್ಸ್64' (ಅಂದರೆ 64 ಬಿಟ್‌ನದು) ಅಂತಿದ್ದರೆ ಯಂತ್ರಕ್ಕೆ ಏನೂ ತೊಂದರೆ ಇಲ್ಲ. ಆಗ 64 ಬಿಟ್ ವಿಂಡೋಸ್ ಹಾಕಿಸಬಹುದು, ಅದೇ ಲೈಸೆನ್ಸ್ ನಡೆಯುತ್ತದೆ. ಆದರೆ ಅಪ್‌ಗ್ರೇಡ್ ಆಗುವುದಿಲ್ಲ, ಹೊಸದಾಗಿಯೇ ಹಾಕಬೇಕು. ಸಿ ಡ್ರೈವ್ ಅಳಿಸಿಹೋಗುತ್ತದೆ. ಮೊದಲು ಎಲ್ಲ ಫೋಟೋಗಳನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ, ನಾಲ್ಕಾರು ಫೋಟೋ ತೆರೆದು ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಆ ಡಿಸ್ಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.

ನನ್ನನ್ನು ಕೇಳಿದರೆ, ಇಷ್ಟು ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಇನ್ನೂ ಒಳ್ಳೆಯದು. ಉಚಿತ, ಹಗುರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್‌ನಲ್ಲೇ ಮುಗಿದಿದೆ ಅಲ್ವಾ? ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಡಿಜಿಕ್ಯಾಮ್ ಸಿಗುತ್ತದೆ. ಅದೂ ಭಾರ ಅನಿಸಿದರೆ ಶಾಟ್‌ವೆಲ್ ಎಂಬ ಸರಳ ಫೋಟೋ ಆ್ಯಪ್ ಹಾಕಿ.

ಡಿಜಿಕ್ಯಾಮ್‌ನಲ್ಲಿ ಮುಖ ಗುರುತಿಸುವ ಕೆಲಸ 4 ಜಿಬಿಗೆ ಜಾಸ್ತಿ ಆಗುತ್ತದೆ. ಒಂದೊಂದೇ ಆಲ್ಬಮ್ ಕೊಟ್ಟು ರಾತ್ರಿ ಓಡಲು ಬಿಡಿ.